ಹಾಲುಕ್ಕಿಸಿಕೊಂಡು ಬಂದ ಸರ್ವರ್

ತಿಪಟೂರು
ಜೂನ್ ೩೦, ಸೋಮವಾರ

ಇವರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನ ಮಾಡಿಲ್ಲ. ಕಾಗದ ಮುಗಿಯುವಷ್ಟರಲ್ಲಿ ಮಾಡುತ್ತೇನೆ.

ಈ ಕಾಲದಲ್ಲೂ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಮಾತ್ರ ಬರುವುದಿಲ್ಲ. ಕಾಗದವಾದರೆ ನಿಮ್ಮೂರು ದಬ್ಬೇಘಟ್ಟದ ಬಸ್ಸಿನ ಕಂಡಕ್ಟರ್ ಅದನ್ನು ಅತ್ತೆಯ ಕೈಗೇ ಕೊಡುತ್ತಾನೆ. ಅತ್ತೆ "ಓದ್ಲಾ, ಏನ್ ಬರ್ದವ್ಳೆ ನೋಡಾನ" ಅನ್ನುತ್ತಾರೆ. ಆಗ ನೀವು ಜಗುಲಿಯ ಮೇಲೆ ಕೂತು ಗಟ್ಟಿಯಾಗಿ ಓದಲೇಬೇಕು. ಅತ್ತೆ, ಇವರು ಓದುತ್ತಾ ಎಲ್ಲಾದರೂ ಕೆಮ್ಮಿದರೆ ಒಂದು ಸಾಲು ನುಂಗಿದರು ಅಂತಲೇ ತಿಳಿಯಿರಿ. ಬಿಡಬೇಡಿ, ಮತ್ತೆ ಓದಿಸಿ.

ವಿಷಯಕ್ಕೆ ಬರುತ್ತೇನೆ. ಈ ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ನಮ್ಮ ತೆಂಗು ಬೆಳೆಗಾರರ ಸಂಘದ ಆಡಳಿತ ಮಂಡಳಿಯ ಸಭೆ ಇದೆ. ಅದರಲ್ಲಿ ಮೊದಲನೇ ವಿಷಯವೇ ನಾನು. ತಿಪಟೂರಿನ ಸರ್ವರ್ ಒಂದು ತಿಂಗಳಿಂದ ಕೈಕೊಡುತ್ತಿದೆ, ಅದನ್ನು ನೋಡಿಕೊಳ್ಳುವ ನಯನ ಎಂಬುವವರಿಂದ ಅದು ಸಾಧ್ಯವಾಗುತ್ತಿಲ್ಲ, ಆದ್ದರಿಂದ ಅವರನ್ನು ಕಂದಿಕೆರೆಯ ಗೋದಾಮಿಗೆ ವರ್ಗ ಮಾಡಿ ಮೂರೂ ಊರಿನ ಸರ್ವರ್‌ಗಳನ್ನು ಹೊರಗಿನ ಕಂಟ್ರಾಕ್ಟರ್‌ಗೆ ವಹಿಸುವುದು. ಇಷ್ಟು. ಕಂದಿಕೆರೆ ಊರಿನ ಮೇಲೆ ನನಗೇನೂ ಕೋಪವಿಲ್ಲ. ಆದರೆ ಆ ಗೋದಾಮಿನಲ್ಲಿ ನನಗೆ ಸಿಗುವ ಕೆಲಸ ಗೋಣಿಚೀಲ ಕೊಡವಿ ಮಡಿಸಿಡುವುದು. ಹಲ್ಲು ಕಚ್ಚಿಕೊಂಡು ಕಲಿತ ಕೆಲಸ, ಹೋರಾಡಿ ಪಡೆದ ಕುರ್ಚಿ. ಅದನ್ನು ಬಿಟ್ಟು ಚೀಲ ಕೊಡವಲು ಹೋಗಬೇಕಂತೆ.

ಸಭೆಗೆ ಕಳಿಸಿರುವ ಈ ಟಿಪ್ಪಣಿಗೆ ಒಂದು ದೂರು ಲಗತ್ತಿಸಿದ್ದಾರೆ. ತುರುವೇಕೆರೆ ಶಾಖೆಯ ಕಂಪ್ಯೂಟರ್ ವಿಭಾಗದಿಂದ ಬಂದದ್ದು. ಕೆಳಗೆ ಸಹಿ ನಿಮ್ಮದು! ಹೆಂಡತಿಗೆ ಉತ್ತರ ಕೊಡಲು ಬಾಯಿಲ್ಲದವರಿಗೆ ದೂರು ಬರೆಯಲು ಕೈ ಎಷ್ಟು ಚೆನ್ನಾಗಿ ಓಡುತ್ತದೆ ನೋಡಿ. "ಮುಖ್ಯ ಕಚೇರಿಯ ನಿರ್ಲಕ್ಷ್ಯ" ಅಂತ ಬೇರೆ ಬರೆದಿದ್ದೀರಿ. ನಿರ್ಲಕ್ಷ್ಯವಂತೆ! ಓದಿದಾಗ ಮೈಯೆಲ್ಲ ಉರಿದುಹೋಯಿತು. ಸಹಿಯನ್ನಾದರೂ ಸ್ವಲ್ಪ ಸಣ್ಣದಾಗಿ ಹಾಕಬಾರದಿತ್ತೇ?

ಅತ್ತೆ, ಇವರು ನಿಮ್ಮ ಹತ್ತಿರ ಏನು ಹೇಳಿದ್ದಾರೋ ಗೊತ್ತಿಲ್ಲ. ನಡೆದದ್ದು ಇಷ್ಟೆ. ಸಂಕ್ರಾಂತಿ ಆದಮೇಲೆ ಮುಖ್ಯ ಕಚೇರಿಯ ಕೆಲಸಕ್ಕೆ ನಾವಿಬ್ಬರೂ ಅರ್ಜಿ ಹಾಕಿದೆವು, ಅದು ನನಗೆ ಸಿಕ್ಕಿತು. ಆವತ್ತು ಇವರು ಸಿಹಿ ತಂದು ಕೊಟ್ಟರು, ಮಾರನೇ ದಿನದಿಂದ ಮುಖ ಊದಿಸಿಕೊಂಡರು. "ನೀನು ಸಾಹೇಬ್ರಾಗಿ ಕೂತಿರೋ ಆಫೀಸಿನ ಮೆಟ್ಲು ನಾನು ಹತ್ತಲ್ಲ ಕಣೇ" ಅಂದರು. ನನಗೂ ಸಿಟ್ಟು ಬಂತು. "ನಿಮ್ಮ ಮನೆ ಹೊಸ್ತಿಲು ನಾನೂ ತುಳಿಯಲ್ಲ" ಅಂದುಬಿಟ್ಟೆ. ತಿಪಟೂರಿನಲ್ಲಿ ಬಾಡಿಗೆ ಮನೆ ಮಾಡಿದೆ. ಇಬ್ಬರಲ್ಲಿ ಯಾರಿಗೂ ಸೋಲಲು ಬರುವುದಿಲ್ಲ, ಏನು ಮಾಡುವುದು ಹೇಳಿ.

ಈಗ ಸರ್ವರಿನ ಕಥೆ. ನಿಮಗೆ ಇದೆಲ್ಲ ಗೊತ್ತಿರುವುದೇ. ಆದರೂ ಅತ್ತೆಗೆ ಅರ್ಥವಾಗಲಿ ಎಂದು ಬಿಡಿಸಿ ಬರೆಯುತ್ತೇನೆ, ಅವರಿಂದಲೇ ನನಗೆ ನ್ಯಾಯ ಸಿಗಬೇಕು.

ಅತ್ತೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ಕಡೆಯೂ ಸಂಘದ ಒಂದೊಂದು ದೊಡ್ಡ ಕಂಪ್ಯೂಟರ್ ಇದೆ. ಅದೇ ಸರ್ವರ್. ರೈತರ ತೋಟದ ಫೋಟೋ, ರೋಗ ಬಂದ ಮರದ ವಿವರ, ಸಸಿ ಯಾರಿಗೆ ಎಷ್ಟು ಬೇಕು ಅನ್ನುವುದು, ಎಲ್ಲ ಅದರೊಳಗಿರುತ್ತದೆ. ನೋಡುವವರಿಗೆ ಮೂರೂ ಸೇರಿ ಒಂದೇ ಬೀರು. ತುರುವೇಕೆರೆಯಲ್ಲಿ ಕೂತು ಬೀರು ತೆಗೆದರೆ ತಿಪಟೂರಿನ ಕಡತವೂ ಕಾಣುತ್ತದೆ. ಕಾಣಬೇಕಾದರೆ ಯಾವ ಕಡತ ಯಾವ ಸರ್ವರಿನಲ್ಲಿದೆ, ಆ ಸರ್ವರ್ ಎಲ್ಲಿ ವಾಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕಲ್ಲ? ಅದಕ್ಕೊಂದು ವಿಳಾಸ ಪಟ್ಟಿ ಇದೆ. ಸರ್ವರ್ ಪ್ರತಿ ಸಲ ಎದ್ದಾಗಲೂ "ನಾನು ಇಂಥ ವಿಳಾಸದಲ್ಲಿದ್ದೇನೆ" ಎಂದು ತಾನೇ ಆ ಪಟ್ಟಿಗೆ ವರದಿ ಒಪ್ಪಿಸುತ್ತದೆ. ಕೇಳುವವರು ಪಟ್ಟಿ ನೋಡಿಕೊಂಡು ಅಲ್ಲಿಗೆ ಹೋಗಿ ಬಾಗಿಲು ತಟ್ಟುತ್ತಾರೆ. ಇಷ್ಟು ತಿಳಿದರೆ ಸಾಕು, ಇದಕ್ಕಿಂತ ಹೆಚ್ಚು ನಮ್ಮ ಅಧ್ಯಕ್ಷರಿಗೂ ಗೊತ್ತಿಲ್ಲ.

ಜೂನ್ ಮೊದಲ ವಾರದಿಂದ ಕಾಟ ಶುರುವಾಯಿತು. ತಿಪಟೂರಿನಲ್ಲಿ ಕೂತವರಿಗೆ ಎಲ್ಲ ಸರಿ. ಚಿಕ್ಕನಾಯಕನಹಳ್ಳಿಯವರಿಗೆ ಒಂದು ಕಡತ ತಟ್ಟನೆ ತೆರೆಯುತ್ತದೆ, ಇನ್ನೊಂದು ತೆರೆಯುವಷ್ಟರಲ್ಲಿ ಟೀ ಕುಡಿದು ಬರಬಹುದು. ತುರುವೇಕೆರೆಯವರಿಗಂತೂ ಕೇಳಲೇಬೇಡಿ. ಪೂರ್ತಿ ಕೆಟ್ಟಿದ್ದರೆ ರಿಪೇರಿ ಮಾಡಬಹುದು. ನಾನು ನೋಡಲು ಹೋದಾಗ ಸರಿಯಿದ್ದು, ಬೆನ್ನು ತಿರುಗಿಸಿದೊಡನೆ ಕೆಡುವುದನ್ನು ಹೇಗೆ ಹಿಡಿಯುವುದು?

ಸಾಲದ್ದಕ್ಕೆ ಅಧ್ಯಕ್ಷರ ಮಾನ ಹೋಯಿತು. ಹೊರಗಿನಿಂದ ಯಾರೋ ಅತಿಥಿಗಳು ಚಿಕ್ಕನಾಯಕನಹಳ್ಳಿ ಶಾಖೆಗೆ ಬಂದಿದ್ದರು. ಸಂಘದ ಪರಿಚಯ ತೋರಿಸೋಣ ಎಂದು ನಮ್ಮ ಅಧ್ಯಕ್ಷ ಹುಚ್ಚರಂಗಯ್ಯನವರು ದೊಡ್ಡ ಪರದೆ ಹಾಕಿಸಿದರು. ಮೊದಲನೇ ಚಿತ್ರವೇ ಅವರದು. ಪೇಟ ಬಂತು, ಹಣೆ ಬಂತು, ಕನ್ನಡಕ ಬಂತು, ಮೂಗಿನವರೆಗೆ ಬಂದು ನಿಂತಿತು. ನಿಂತದ್ದು ನಿಂತೇಬಿಟ್ಟಿತು. ಬಾಯಿಯೇ ಇಲ್ಲದ ಅಧ್ಯಕ್ಷರನ್ನು ಅತಿಥಿಗಳು ನೋಡಿದರು, ಬಾಯಿ ತೆರೆದುಕೊಂಡಿದ್ದ ಅಧ್ಯಕ್ಷರನ್ನು ಪಕ್ಕದಲ್ಲೇ ನೋಡಿದರು. ಅಲ್ಲಿಂದಲೇ ನನಗೆ ಫೋನ್ ಬಂತು. "ಏನಮ್ಮ ನಯನಾ, ನನ್ ಮೀಸೆ ಎಲ್ಲಮ್ಮ?" ಅಂದರು. ನನಗೆ ನಗು ತಡೆಯಲಾಗಲಿಲ್ಲ, ಅದೂ ಅವರಿಗೆ ಕೇಳಿಸಿತು. ವರ್ಗದ ಮಾತು ಹುಟ್ಟಿದ್ದೇ ಆವತ್ತು ಅಂತ ನನ್ನ ಅನುಮಾನ.

ನಾನು ಸುಮ್ಮನೆ ಕೂತಿರಲಿಲ್ಲ. ಮೊದಲು ಇಲಿಯ ಮೇಲೆ ಅನುಮಾನ ಪಟ್ಟೆ, ಕೇಬಲ್‌ಗಳನ್ನೆಲ್ಲ ಬದಲಾಯಿಸಿದೆ. ಆಮೇಲೆ ಇಂಟರ್ನೆಟ್ ಲೈನಿನವರನ್ನು ಕರೆಸಿ ಬೈದೆ, ಅವರು ಬಂದು ನೋಡಿ ನನಗೇ ಬೈದು ಹೋದರು. ನಮ್ಮ ಅಟೆಂಡರ್ ಮರುಳಪ್ಪ ಯಾರ ಕಣ್ಣೋ ಬಿದ್ದಿದೆ ಎಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಮೆಣಸಿನಕಾಯಿ ಸರ್ವರಿನ ಫ್ಯಾನಿಗೆ ಸಿಕ್ಕಿಕೊಂಡು ಆಫೀಸಿಗೆ ಆಫೀಸೇ ಸೀನಿತು. ನನ್ನ ದಡ್ಡತನ ಕೇಳಿ. ದಿನಾ ಬೆಳಗ್ಗೆ ಸರ್ವರನ್ನು ಆರಿಸಿ ಮತ್ತೆ ಎಬ್ಬಿಸುತ್ತಿದ್ದೆ. ಎಬ್ಬಿಸಿದರೆ ಸರಿಹೋಗಬಹುದು ಅಂತ ಆಸೆ. ಅದು ಎದ್ದ ಕೂಡಲೇ ವಿಳಾಸ ಪಟ್ಟಿಗೆ ಹೋಗಿ ಒಂದು ನಿಜ, ಒಂದು ಸುಳ್ಳು ಹೇಳಿ ಬರುತ್ತಿತ್ತು. ಹಾಗೆ ಹೇಳಿಸುತ್ತಿದ್ದವಳು ನಾನೇ!

ಹೋದ ಗುರುವಾರ ಬುದ್ಧಿ ಬಂತು. ಸರ್ವರನ್ನು ಕೇಳುವ ಬದಲು ಪಟ್ಟಿಯನ್ನೇ ಕೇಳೋಣ ಎಂದುಕೊಂಡೆ. ಒಂದೊಂದು ಸರ್ವರಿನ ವಿಳಾಸವನ್ನೂ ಹೇಳು ಅಂದೆ. ತುರುವೇಕೆರೆಗೆ ಒಂದು ವಿಳಾಸ, ಚಿಕ್ಕನಾಯಕನಹಳ್ಳಿಗೆ ಒಂದು ವಿಳಾಸ, ತಿಪಟೂರಿಗೆ ಎರಡು! ನಮ್ಮ ಸರ್ವರಿಗೆ ಎರಡನೇ ಮನೆ ಇದೆ ಎಂದು ನನಗೆ ಗೊತ್ತಾದದ್ದು ಆವಾಗಲೇ. ಕಡತ ಕೇಳುವವರಲ್ಲಿ ಅರ್ಧ ಜನ ಮೊದಲನೇ ಮನೆಗೆ ಹೋಗಿ ಕೆಲಸ ಮುಗಿಸಿಕೊಂಡು ಬರುತ್ತಿದ್ದರು. ಇನ್ನರ್ಧ ಜನ ಎರಡನೇ ಮನೆಗೆ ಹೋಗಿ ಬಾಗಿಲು ತಟ್ಟುತ್ತಾ ನಿಲ್ಲುತ್ತಿದ್ದರು. ಒಳಗೆ ಯಾರೂ ಇಲ್ಲ, ಇಲ್ಲ ಎಂದು ಹೇಳುವವರೂ ಇಲ್ಲ. ಸಾಕಾದ ಮೇಲೆ ಮೊದಲನೇ ಮನೆಗೆ ಬರುತ್ತಿದ್ದರು. ಅಧ್ಯಕ್ಷರ ಮೀಸೆ ನಿಂತದ್ದು ಆ ಬಾಗಿಲ ಮುಂದೆಯೇ.

ಆ ಎರಡನೇ ವಿಳಾಸ ಹತ್ತು, ಇಪ್ಪತ್ತು, ಹತ್ತೊಂಬತ್ತು, ಐದು. ನಮ್ಮ ಸಂಘದ ಯಾವ ಕಚೇರಿಯಲ್ಲೂ ಇಂಥ ಅಂಕಿ ಇಲ್ಲ. ನಾನು ಕೊಟ್ಟದ್ದಲ್ಲ. ಕೊನೆಯ ಎರಡು ಅಂಕಿಯನ್ನು ಮಾತ್ರ ಮತ್ತೊಮ್ಮೆ ಓದಿದೆ. ಛೆ, ಹಾಗಿರಲಾರದು ಎಂದು ನನಗೆ ನಾನೇ ಬೈದುಕೊಂಡೆ.

ಯಾರು ಕೊಟ್ಟರು? ಸರ್ವರಿನ ಬೆನ್ನ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ಕೇಬಲ್ ಚುಚ್ಚುವ ಸಾಕೆಟ್ ಎರಡಿವೆ. ನಾವು ಬಳಸುವುದು ಒಂದನ್ನೇ. ಬಳಸದೆ ಇರುವ ಎರಡನೆಯದರ ಪಕ್ಕದಲ್ಲಿ ಅರಿಶಿನ, ಕುಂಕುಮ! ಆಯುಧ ಪೂಜೆಯದಿರಬೇಕು ಅನ್ನೋಣವೆಂದರೆ ಅದರ ಬಣ್ಣ ಇನ್ನೂ ಮಾಸಿಲ್ಲ. ಮೂಸಿ ನೋಡಿದರೆ ಹಾಲಿನ ಕಮಟು ವಾಸನೆ. ಸರ್ವರಿಗೆ ಹಾಲು ಕುಡಿಸಿದವರು ಯಾರಪ್ಪ ಎಂದು ಮರುಳಪ್ಪನನ್ನು ಕರೆದೆ. ಅವನು ಒಳಗೆ ಬರಲೇ ಇಲ್ಲ. ಬಾಗಿಲಲ್ಲೇ ನಿಂತು "ಅಮ್ಮಾವ್ರೆ, ಇನ್ನೇನ್ ಬೇಕಾದ್ರೂ ಕೇಳಿ, ಅದೊಂದ್ನ ಕೇಳ್ಬ್ಯಾಡಿ" ಅಂದ. ನಾನು ಅದನ್ನೇ ಕೇಳಿದೆ.

ಅವನು ಹೇಳಿದ್ದನ್ನು ಇಲ್ಲಿ ಜೋಡಿಸಿ ಬರೆಯುತ್ತೇನೆ. ಹೊನ್ನವಳ್ಳಿ ರಸ್ತೆಯಲ್ಲಿ ಸಂಘದ ಹೊಸ ಕಟ್ಟಡ ಏಳುತ್ತಿದೆಯಲ್ಲ, ಅದಕ್ಕಿನ್ನೂ ಬಾಗಿಲಿಲ್ಲ, ಕಿಟಕಿಯಿಲ್ಲ, ನೆಲ ಆಗಿಲ್ಲ. ಆದರೆ ಆಷಾಢ ಬಂದರೆ ಪ್ರವೇಶಕ್ಕೆ ದಿನ ಸಿಗುವುದಿಲ್ಲ. ಜೂನ್ ನಾಲ್ಕು, ಬುಧವಾರ ಒಳ್ಳೆಯ ಮುಹೂರ್ತ ಎಂದು ಜೋಯಿಸರು ಹೇಳಿದರು. ಎಲ್ಲರೂ ಮಾಡುವ ಹಾಗೆ ಆವತ್ತು ಹೋಗಿ ಹಾಲುಕ್ಕಿಸಿ, ಊಟ ಮಾಡಿ, ಮತ್ತೆ ಹಳೇ ಕಟ್ಟಡಕ್ಕೇ ಬಂದು ಕೂರುವುದು, ಕೆಲಸ ಮುಗಿದ ಮೇಲೆ ನಿಧಾನಕ್ಕೆ ಸಾಮಾನು ಸಾಗಿಸುವುದು ಅಂತ ತೀರ್ಮಾನ. ಅಷ್ಟು ನನಗೂ ಗೊತ್ತಿತ್ತು. ಆವತ್ತು ನಾನು ರಜಾ ಹಾಕಿದ್ದೆ.

ನನಗೆ ಗೊತ್ತಿಲ್ಲದ್ದು ಏನೆಂದರೆ, ಹಸು ಕರು ಒಳಗೆ ಹೋದ ಮೇಲೆ ಹುಚ್ಚರಂಗಯ್ಯನವರು ಹೊಸ್ತಿಲಲ್ಲಿ ನಿಂತುಬಿಟ್ಟರಂತೆ. "ದನ ಬಂತು, ದೇವ್ರು ಬಂತು, ನಾವೂ ಬಂದ್ವಿ. ಆಫೀಸ್ನ ಯಜಮಾನನೇ ಬರ್ನಿಲ್ವಲ್ಲಯ್ಯ" ಅಂದರಂತೆ. ಯಜಮಾನ ಅಂದರೆ ಸರ್ವರ್! ಅದನ್ನು ಕರೆತರದೆ ಪ್ರವೇಶ ಮಾಡಿದರೆ ನಾಳೆ ಏನಾದರೂ ಹೆಚ್ಚುಕಮ್ಮಿ ಆಗುತ್ತದೆ ಅಂತ ಜೋಯಿಸರೂ ತಲೆಯಾಡಿಸಿದರಂತೆ. ಸರಿ, ಲಗೇಜ್ ಆಟೋ ಹಳೇ ಕಚೇರಿಗೆ ಬಂತು. ಸರ್ವರನ್ನು ಬಿಚ್ಚಿ, ಜಮಖಾನ ಹೊದಿಸಿ, ಅದಕ್ಕೆ ಕರೆಂಟ್ ಕೊಡುವ ಬ್ಯಾಟರಿಯನ್ನು ಮರುಳಪ್ಪನ ತೊಡೆಯ ಮೇಲಿಟ್ಟು, ವಾಲಗದವರ ಹಿಂದೆ ಮೆರವಣಿಗೆ ಮಾಡಿಕೊಂಡು ಹೋದರು. ಬೀದಿಯವರೆಲ್ಲ ಯಾವ ದೇವರೋ ಎಂದು ಕೈ ಮುಗಿದರಂತೆ.

ಬರೀ ತಂದಿಟ್ಟರೆ ಸಾಕಾಗಲಿಲ್ಲ. "ಕತ್ಲಲ್ಲಿ ಕೂರ್ಸಿದ್ರೆ ಅದೆಂಗಯ್ಯ ಪ್ರವೇಶ ಆಯ್ತದೆ? ಅದ್ರ ಹಸುರ್ ದೀಪ ಉರೀಬೇಕು, ಮೂರೂ ಊರಿಗೂ ಕಾಣ್ಬೇಕು" ಎಂದು ಅಧ್ಯಕ್ಷರ ಹಟ. ಕಟ್ಟಡಕ್ಕೆ ಬಾಗಿಲಿಲ್ಲದಿದ್ದರೂ ಇಂಟರ್ನೆಟ್ ಲೈನ್ ಮೊದಲೇ ಎಳೆಸಿದ್ದರು. ಆದರೆ ಹೊಸ ಜಾಗಕ್ಕೆ ಹೊಸ ವಿಳಾಸ ಬೇಕು, ಅದನ್ನು ಹಾಕುವುದು ತಿಳಿದವರು ಬೇಕು. ನಾನಿಲ್ಲ. ಆಗ ಅಧ್ಯಕ್ಷರು ಯಾರಿಗೋ ಫೋನ್ ಮಾಡಿದರು. ಆ ಯಾರೋ ಬಂದರು. ಎರಡನೇ ಸಾಕೆಟ್ಟಿಗೆ ಹೊಸ ವಿಳಾಸ ಕೊಟ್ಟು ಕೇಬಲ್ ಚುಚ್ಚಿದರು. ಹಾಲು ಉಕ್ಕುವುದಕ್ಕೂ ಹಸಿರು ದೀಪ ಹತ್ತುವುದಕ್ಕೂ ಸರಿಹೋಯಿತಂತೆ, ಎಲ್ಲರೂ ಚಪ್ಪಾಳೆ ಹೊಡೆದರಂತೆ. ಸಂಜೆ ಸರ್ವರ್ ಅದೇ ಆಟೋದಲ್ಲಿ ವಾಪಸ್ಸು ಬಂತು. ಬೆಳಗ್ಗೆ ನಾನು ಬಂದಾಗ ಏನೂ ಆಗದವರ ಹಾಗೆ ತನ್ನ ಜಾಗದಲ್ಲಿ ಕೂತಿತ್ತು, ಮರುಳಪ್ಪನೂ ಕೂತಿದ್ದ. ನನಗೆ ಒಂದು ಮಾತು ಹೇಳಬೇಕು ಅಂತ ಒಬ್ಬರಿಗೂ ಅನ್ನಿಸಲಿಲ್ಲ.

ಆ ಪುಣ್ಯಾತ್ಮರು ಹೊರಡುವಾಗ ಕೇಬಲನ್ನೇನೋ ಕಿತ್ತರು. ವಿಳಾಸವನ್ನು ಅಳಿಸಲು ಮರೆತರು. ಇಷ್ಟಕ್ಕೆ ಒಂದು ತಿಂಗಳು ಮೂರು ತಾಲ್ಲೂಕು ಖಾಲಿ ಕಟ್ಟಡದ ಬಾಗಿಲು ತಟ್ಟಿತು. ಬಾಗಿಲೂ ಇಲ್ಲ ಅಲ್ಲಿ!

"ಯಾರು ಮರುಳಪ್ಪ ಅದು?" ಅಂದೆ. ಉಹೂಂ. ಅಧ್ಯಕ್ಷರ ಹತ್ತಿರವೇ ಹೋದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು "ಹೇಳಲ್ಲ ಅಂತ ಹಸೀನ ಬಾಲ ಹಿಡ್ಕಂಡು ಮಾತು ಕೊಟ್ಟಿವ್ನಿ ಕಣಮ್ಮ. ಆದ್ರೆ ಬಂದೋರು ಒಳ್ಳೇ ಕೆಲ್ಸಗಾರ್ರು, ಅವ್ರ ಕೈಲಿ ತಪ್ಪಾಗಕ್ಕಿಲ್ಲ. ಮುಹೂರ್ತದಾಗೆ ಮಾಡಿದ್ದು ಎಲ್ಲಾನ ಕೆಡ್ತದಾ? ತಪ್ಪು ನಿನ್ ಕಡೇದೇ" ಅಂದರು. ಅಲ್ಲಿಗೆ ಮುಗಿಯಿತು. ಮತ್ತೆ ಮರುಳಪ್ಪನ ಹತ್ತಿರ ಬಂದೆ. ಹೆಸರು ಬೇಡಪ್ಪ, ಬಂದವರು ಊಟ ಮಾಡಿದರಾ ಅಷ್ಟು ಹೇಳು ಅಂದೆ. ಊಟದ ಮಾತು ಬಂದರೆ ಅವನಿಗೆ ಮೈಮರೆವು. "ಮಾಡ್ದೆ ಏನಮ್ಮ, ಹೋಳಿಗೆ ಊಟ. ತುಪ್ಪ ಬ್ಯಾಡ ಅಂದ್ರು, ಹಾಲೂ ಬ್ಯಾಡ ಅಂದ್ರು. ಮಾವಿನಕಾಯಿ ಉಪ್ಪಿನ್‌ಕಾಯಿ ಕೇಳಿ ಹಾಕಿಸ್ಕಂಡು ಅದ್ರಾಗೆ ಹೋಳಿಗೆ ನಂಚ್ಕಂಡ್ ತಿಂದ್ರು. ಅಂತೋರ್ನ ನಾನೆಲ್ಲೂ ಕಂಡಿಲ್ಲ" ಅಂದ.

ಅತ್ತೆ, ಹೋಳಿಗೆಗೆ ಉಪ್ಪಿನಕಾಯಿ ನಂಚಿಕೊಳ್ಳುವವರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರೆ? ನಿಮಗೆ ಎಷ್ಟು ಜನ ಗೊತ್ತು? ಈಗ ಓದುತ್ತಿರುವವರ ಮುಖ ಒಂದು ಸಲ ನೋಡಿ. ಕೆಮ್ಮು ಬಂತಾ?

ರೀ, ಇನ್ನು ನಿಮ್ಮ ಜೊತೆ ಮಾತು. ಈ ದೂರು ಬರೆಯುವಾಗ ಆ ವಿಳಾಸ ನೀವೇ ಬಿಟ್ಟು ಬಂದದ್ದು ಎಂದು ನಿಮಗೆ ಗೊತ್ತಿತ್ತೇ? ಇಡೀ ಶನಿವಾರ ಇದನ್ನೇ ಯೋಚಿಸಿದೆ. ಗೊತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ಗೊತ್ತಿದ್ದೂ ಹೆಂಡತಿಯ ತಲೆಯ ಮೇಲೆ ಹಾಕುವ ಜಾತಿಯವರಲ್ಲ ನೀವು. ಸಿಡುಕರು, ಹಟಮಾರಿ, ಸಹಿ ದೊಡ್ಡದಾಗಿ ಹಾಕುತ್ತೀರಿ, ಅಷ್ಟೆ. ಜನ ಸುತ್ತ ನಿಂತಿದ್ದರು, ವಾಲಗ ಊದುತ್ತಿದ್ದರು, ನನ್ನ ಕಣ್ಣಿಗೆ ಬೀಳುವ ಮುಂಚೆ ಬಸ್ಸು ಹಿಡಿಯುವ ಅವಸರ ಬೇರೆ. ಮರೆತಿರಿ. ಆಫೀಸಿನ ಮೆಟ್ಟಿಲು ಹತ್ತಲ್ಲ ಅಂತ ಆಣೆ ಇಟ್ಟವರು ಹೇಗೆ ಬಂದಿರಿ ಎಂದು ಕೇಳಿದರೆ ಏನು ಹೇಳುತ್ತೀರಿ ಅಂತಲೂ ನನಗೆ ಗೊತ್ತು. ಹೊಸ ಕಟ್ಟಡಕ್ಕೆ ಇನ್ನೂ ಮೆಟ್ಟಿಲೇ ಕಟ್ಟಿಲ್ಲ ಅನ್ನುತ್ತೀರಿ.

ಸರ್ವರನ್ನು ಶನಿವಾರ ಮಧ್ಯಾಹ್ನವೇ ಸರಿ ಮಾಡಿದೆ. ಎರಡನೇ ಸಾಕೆಟ್ಟಿನ ವಿಳಾಸ ಅಳಿಸಿದೆ. ಇನ್ನು ಮುಂದೆ ಈ ವಿಳಾಸದ ಮಾತೇ ಎತ್ತಬೇಡ ಎಂದು ಸರ್ವರಿಗೆ ಒಂದು ಸಾಲು ಬರೆದಿಟ್ಟೆ. ಪಟ್ಟಿಯಿಂದಲೂ ಅದನ್ನು ತೆಗೆಸಿ, ಕೊನೆಯ ಸಲ ಆರಿಸಿ ಎಬ್ಬಿಸಿದೆ. ಈಗ ಅದು ಒಂದೇ ಮನೆಯ ಹೆಸರು ಹೇಳುತ್ತದೆ. ನಿಮಗೂ ಆವತ್ತಿನಿಂದ ಕಡತಗಳು ಸಲೀಸಾಗಿ ತೆರೆಯುತ್ತಿರಬೇಕು. ಅದಕ್ಕೂ ಒಂದು ದೂರು ಬರೆಯುತ್ತೀರೇನೋ ಎಂದು ಕಾದೆ, ಬರಲಿಲ್ಲ.

ಸರಿಹೋಯಿತು ಸ್ವಾಮಿ, ಇನ್ನಾದರೂ ವರ್ಗದ ಮಾತು ಬಿಡಿ ಎಂದು ಅಧ್ಯಕ್ಷರಿಗೆ ಹೇಳಿದೆ. "ಸರಿ ಮಾಡಕ್ಕೆ ಬತ್ತದೆ ಅಂದ್ಮೇಲೆ ಮೊದ್ಲೇ ಯಾಕ್ ಮಾಡ್ನಿಲ್ಲ?" ಎಂದು ಅದಕ್ಕೂ ತಿರುಗಿಬಿದ್ದರು. ಮಂಡಳಿಯವರು ಶುಕ್ರವಾರ ಕಾರಣ ಕೇಳುತ್ತಾರೆ. ನಾನು ನಿಮ್ಮ ಹೆಸರು ಹೇಳಿದರೆ ಕೆಲಸ ಉಳಿಯುತ್ತದೆ, ಹೇಳದಿದ್ದರೆ ಕಂದಿಕೆರೆ. ಹೇಳುವುದಿಲ್ಲ ನಾನು. ದೊಡ್ಡತನ ಅಂದುಕೊಳ್ಳಬೇಡಿ. ಮದುವೆಯಾದಾಗಿನಿಂದ ನಿಮ್ಮ ಹೆಸರನ್ನು ನಾನು ಯಾವತ್ತು ಬಾಯಿಬಿಟ್ಟು ಹೇಳಿದ್ದೇನೆ? ಆಫೀಸಿನಲ್ಲೂ 'ತುರುವೇಕೆರೆಯವರು' ಅಂತಲೇ ಅನ್ನುತ್ತೇನೆ. ಈ ಲಕೋಟೆಯ ಮೇಲಿನ ಹೆಸರನ್ನೂ ಮರುಳಪ್ಪನ ಕೈಲೇ ಬರೆಸಿದೆ. ಹಾಗಿರುವಾಗ ತುಂಬಿದ ಸಭೆಯಲ್ಲಿ, ಅದೂ ತಪ್ಪು ಮಾಡಿದವರು ಎಂದು, ಆ ಹೆಸರು ನನ್ನ ಬಾಯಿಂದ ಬರುತ್ತದೆಯೇ? ಅದಕ್ಕಿಂತ ಗೋಣಿಚೀಲವೇ ವಾಸಿ.

ಆದರೆ ಹೋಗಲು ನನಗೆ ಇಷ್ಟವಿಲ್ಲ ಕಣ್ರೀ. ಈ ಕೆಲಸ ನನಗೆ ಬೇಕು. ಇದನ್ನು ನಿಮ್ಮಿಂದ ಕಿತ್ತುಕೊಂಡೆ ಅಂತ ನಿಮಗೆ ಅನ್ನಿಸಿರಬಹುದು, ಹಾಗೆ ಅನ್ನಿಸಿದ್ದಕ್ಕೆ ನನಗೂ ನೋವಿದೆ. ಆದರೂ ಬೇಕು. ನೀವು ಬಂದು ಒಂದು ಮಾತು ಹೇಳಿದರೆ ಆಯಿತು. ಮೆಟ್ಟಿಲು ಹತ್ತಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಎಣಿಸಿ ನೋಡಿದ್ದೇನೆ, ಐದೇ ಇರುವುದು.

ಕ್ಷೇಮ ಕೇಳುವ ವಿಚಾರ ತೀರ್ಮಾನವಾಯಿತು. ಹೇಗಿದ್ದೀರಿ? ಬೆನ್ನು ನೋವು ಹೇಗಿದೆ?

ಇಂತಿ,
ದೂರಿನಲ್ಲಿ ಹೆಸರಿಸಲಾದ
ನಯನ

ಮರೆತ ಮಾತು: ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡಿ. ಅತ್ತೆಗೆ ಇದು ಮೊದಲೇ ಗೊತ್ತು, ನಿಮಗೆ ಹೇಳಕೂಡದು ಎಂದು ನಾನೇ ಅವರ ಕೈಲಿ ಆಣೆ ಹಾಕಿಸಿದ್ದೆ.

ಈ ಸಲ ಮೇ ಹತ್ತೊಂಬತ್ತರಂದು ನಿಮ್ಮಿಂದ ಒಂದು ಮೆಸೇಜಾದರೂ ಬರುತ್ತದೆ ಎಂದು ದಿನವೆಲ್ಲ ಫೋನ್ ನೋಡಿದೆ. ಬರಲಿಲ್ಲ. ಮದುವೆಯ ದಿನವನ್ನೇ ಮರೆತರು ಎಂದು ಅತ್ತುಬಿಟ್ಟೆ. ಹದಿನೈದು ದಿನ ಹೇಗೋ ತಡೆದೆ, ಆಮೇಲೆ ಆಗಲಿಲ್ಲ. ಹೊಸ ಕಟ್ಟಡದ ಗಲಾಟೆಯಲ್ಲಿ ನನ್ನನ್ನು ಯಾರೂ ಹುಡುಕುವುದಿಲ್ಲ ಎಂದು ಜೂನ್ ನಾಲ್ಕಕ್ಕೆ ರಜಾ ಹಾಕಿ ದಬ್ಬೇಘಟ್ಟದ ಬಸ್ಸು ಹತ್ತಿದೆ. ನೀವಿರಲಿಲ್ಲ. ಅತ್ತೆ ಕಾಫಿ ಕೊಟ್ಟು, "ಬೆಳಿಗ್ಗೆ ಯಾರ್ದೋ ಫೋನ್ ಬಂತು, ಒಗೆದಿಟ್ಟಿದ್ ಅಂಗಿ ಹಾಕ್ಕಂಡು ತಿಪಟೂರ್‌ಗೆ ಹೋದ ಕಣವ್ವ. ನಿನ್ನ ಕರ್ಕಂಡ್ ಬರಕ್ಕೇ ಇರ್ಬೇಕು, ಓಡು" ಅಂದರು. ಓಡಿ ಬಂದೆ. ನನ್ನ ಮನೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಕತ್ತಲಾಗುವವರೆಗೂ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದೆ. ನನಗೆ ನಿಮ್ಮ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಆವತ್ತೇ. ಅದು ಇಳಿದದ್ದು ಹೋದ ಗುರುವಾರ, ಪಟ್ಟಿಯಲ್ಲಿದ್ದ ಹತ್ತೊಂಬತ್ತು, ಐದು ನೀವೇ ಹಾಕಿದ್ದು ಎಂದು ಗೊತ್ತಾದಾಗ. ಮರೆತಿರಲಿಲ್ಲ ನೀವು. ಆ ವಿಳಾಸ ಅಳಿಸುವಾಗ ಕೈ ಬರಲಿಲ್ಲ ರೀ.

ಶುಕ್ರವಾರ ಮಂಡಳಿಯವರು ಎರಡು ಪ್ರಶ್ನೆ ಕೇಳುತ್ತಾರೆ. ಆ ದಿನ ಕೇಬಲ್ ಹಾಕಿದ್ದು ಯಾರು, ಆ ದಿನ ಯಾರಿಗೂ ಹೇಳದೆ ನೀನು ಎಲ್ಲಿಗೆ ಹೋಗಿದ್ದೆ. ಮೊದಲನೆಯದಕ್ಕೆ ನೀವು ಉತ್ತರ ಹೇಳಿ. ಎರಡನೆಯದಕ್ಕೆ ನಾನು ಹೇಳುತ್ತೇನೆ, ನೀವು ಎದುರಿಗೆ ಕೂತಿದ್ದರೆ ಮಾತ್ರ.